ಹಕ್ಕಿ ಏನು ಮಾಡುತ್ತಿತ್ತು, ಅದನ್ನು ಬರೆಯಿರಿ

ಕೇಳುಗರಿಗೆ ನಮಸ್ಕಾರ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಚಳಿಗಾಲದ ಬೆಳಿಗ್ಗೆ ಗಲ್ ಹಕ್ಕಿಗಳ ಹಿಂಡನ್ನು ನೀವು ನೋಡಿರುತ್ತೀರಿ. ಎಷ್ಟೇ ಇರಲಿ, ಅವುಗಳಲ್ಲಿ ಒಂದೂ ಇಲ್ಲಿ ಮೊಟ್ಟೆ ಇಡುವುದಿಲ್ಲ. ಕಂದು ತಲೆಯ ಗಲ್ ಗೂಡು ಕಟ್ಟುವುದು ಲಡಾಖ್, ಟಿಬೆಟ್ ಕಡೆಯ ಸರೋವರಗಳಲ್ಲಿ. ನಮ್ಮಲ್ಲಿಗೆ ಅವು ನೆಂಟರು. ಆದ್ದರಿಂದಲೇ, ಗೂಡು ಕಟ್ಟುವ ಹಕ್ಕಿಗಳ ಸಮೀಕ್ಷೆಗೆ ಬರುವ ಸ್ವಯಂಸೇವಕರಿಗೆ ನಾನು ಹೇಳುವುದು ಒಂದೇ ಮಾತು: ಹೆಸರು ಬರೆದು ಸುಮ್ಮನಾಗಬೇಡಿ. ಹಕ್ಕಿ ಏನು ಮಾಡುತ್ತಿತ್ತು, ಅದನ್ನು ಬರೆಯಿರಿ.

ಶಿರಸಿ ಕಡೆಯ ತೋಟದ ಮನೆಯೊಂದರ ಅಕ್ಕನ ವಿಷಯ ಹೇಳಲೇಬೇಕು. ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಅವರು ಹಕ್ಕಿಗಳ ಬಗ್ಗೆ ಬರೆದಿಟ್ಟಿದ್ದರು. ಬಚ್ಚಲಮನೆಯ ಹಿಂದಿನ ಕಲ್ಲುಗೋಡೆಯಲ್ಲಿ ಒಂದು ತೂತು, ಅದರೊಳಗೆ ಮಡಿವಾಳ ಹಕ್ಕಿಯ ಸಂಸಾರ. "ಕಪ್ಪು ಹಕ್ಕಿ ಹಸಿರು ಹುಳ ಕಚ್ಚಿಕೊಂಡು ಒಳಗೆ ಹೋಯಿತು. ಬೂದು ಹಕ್ಕಿ ಬಿಳಿಯ ಗುಳಿಗೆಯಂಥದ್ದನ್ನು ಕಚ್ಚಿಕೊಂಡು ಹೊರಗೆ ಬಂತು." ಕಪ್ಪು ಎಂದರೆ ಗಂಡು, ಬೂದು ಎಂದರೆ ಹೆಣ್ಣು. ಅಕ್ಕ ನನ್ನನ್ನು ಕೇಳಿದರು, "ತಮ್ಮಾ, ತನ್ನ ಮೊಟ್ಟೆಯನ್ನು ತಾನೇ ಯಾಕೆ ಹೊರಗೆ ಒಯ್ಯುತ್ತದೆ?"

ನನಗೆ ಕುಣಿಯುವಷ್ಟು ಸಂತೋಷವಾಯಿತು. ಅದು ಮೊಟ್ಟೆಯಲ್ಲ, ಮರಿಗಳ ಹಿಕ್ಕೆ! ಗೂಡಿನ ಮರಿಗಳ ಹಿಕ್ಕೆ ತೆಳುವಾದ ಪೊರೆಯೊಳಗೆ ಪೊಟ್ಟಣ ಕಟ್ಟಿದಂತೆ ಬರುತ್ತದೆ. ತಾಯಿ ತಂದೆ ಅದನ್ನು ಕೊಕ್ಕಿನಲ್ಲಿ ಎತ್ತಿ ದೂರ ಒಯ್ದು ಹಾಕುತ್ತವೆ. ಗೂಡು ಚೊಕ್ಕಟವಾಗಿರುತ್ತದೆ. ನಮ್ಮ ಸಮೀಕ್ಷೆಯ ಲೆಕ್ಕದಲ್ಲಿ ಅದು ಗೂಡು ಇದೆ ಎನ್ನುವುದಕ್ಕೆ ಖಚಿತ ಪುರಾವೆ. ಅಕ್ಕ ಆ ತೂತಿಗೆ ಇಣುಕಲಿಲ್ಲ, ಮೊಬೈಲ್ ಹಿಡಿಯಲಿಲ್ಲ. ಪಾತ್ರೆ ತೊಳೆಯುವ ಕಲ್ಲಿನ ಹತ್ತಿರವೇ ಕುಳಿತು ನೋಡಿದರು. ಹದಿನೈದು ದಿನ ಕಳೆದ ಮೇಲೆ ಪುಸ್ತಕದಲ್ಲಿ ಮತ್ತೊಂದು ಸಾಲು: "ತೂತು ಖಾಲಿ. ದಾಸವಾಳದ ಗಿಡದಲ್ಲಿ ಮೂರು ಮರಿ, ಎದೆಯ ಮೇಲೆ ಕಂದು ಮಚ್ಚೆ."

ಇದೇ ಸಮಯದಲ್ಲಿ ನನ್ನ ಕೈಗೆ ಬಂದ ಬೇರೆ ಪಟ್ಟಿಗಳಲ್ಲಿ ಉದ್ದಕ್ಕೂ ಹೆಸರುಗಳು, ಬರೀ ಹೆಸರುಗಳು. ಪಿಕಳಾರ ಕಂಡಿತು, ಸರಿ. ಹಾಡುತ್ತಿತ್ತೇ? ನಾರು ಒಯ್ಯುತ್ತಿತ್ತೇ? ಮರಿಗೆ ಗುಟುಕು ಕೊಡುತ್ತಿತ್ತೇ? ಹಾಡಿದರೆ ಗೂಡಿನ ಸಾಧ್ಯತೆ ಇದೆ ಎಂದಷ್ಟೇ ಅರ್ಥ, ಗುಟುಕು ಕೊಟ್ಟರೆ ಖಚಿತ. ಇಷ್ಟನ್ನು ಬರೆಯಲು ಅರ್ಧ ಸಾಲು ಸಾಕು. ದಯವಿಟ್ಟು ಬರೆಯಿರಿ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ದಾಂಡೇಲಿ ಕಾಡಿನಲ್ಲಿ ಹೆಣ್ಣು ಮಂಗಟ್ಟೆ ಹಕ್ಕಿ ಮೊಟ್ಟೆ ಇಡಲು ಮರದ ಪೊಟರೆಯೊಳಗೆ ಸೇರಿ ಬಾಗಿಲು ಮುಚ್ಚಿಕೊಂಡಿರುತ್ತದೆ. ಗಂಡು ಹಣ್ಣು ತಂದು ಸಣ್ಣ ಸೀಳಿನಲ್ಲಿ ಕೊಡುತ್ತದೆ. ನೀವು ಬುಡದಲ್ಲಿ ನಿಂತರೆ ಗಂಡು ಹತ್ತಿರ ಬರಲು ಅಂಜುತ್ತದೆ, ಒಳಗಿರುವವರಿಗೆ ಉಪವಾಸ. ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ದಂಡೆಯಲ್ಲಿ ಟಿಟ್ಟಿಭ ಹಕ್ಕಿ ತಲೆಯ ಮೇಲೆ ಕಿರುಚಾಡಿದರೆ ಮೊಟ್ಟೆ ನಿಮ್ಮ ಕಾಲಿನ ಹತ್ತಿರವೇ ಇರಬಹುದು. ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಬೆಳ್ಳಕ್ಕಿಗಳು ಗೂಡು ಕಟ್ಟುವ ಸೋಂದೆಯ ಮುಂಡಿಗೆಕೆರೆಗೆ ಮಳೆಗಾಲದಲ್ಲಿ ಹೋದರೆ ಅವುಗಳನ್ನು ದೂರದಿಂದಲೇ ನೋಡಿ. ಗೂಡಿನ ಬಳಿ ಹೋಗಿ ಬಂದವರ ಬೆನ್ನ ಹಿಂದೆ, ಮೊಟ್ಟೆ ಮರಿ ಕದಿಯಲು ಕಾಗೆ ಕಾದಿರುತ್ತದೆ.

ನಾಳೆ ಬೆಳಿಗ್ಗೆ ಚಹಾ ಹಿಡಿದು ಹಿತ್ತಿಲಿನಲ್ಲಿ ಅರ್ಧ ಗಂಟೆ ಕುಳಿತುಕೊಳ್ಳಿ. ಕೈಯಲ್ಲಿ ಪೆನ್ಸಿಲ್ ಇರಲಿ. ತಾರೀಕು, ಜಾಗ, ಹಕ್ಕಿ, ಅದು ಏನು ಮಾಡುತ್ತಿತ್ತು. ನಮಸ್ಕಾರ.