ಸೇಬೆನ್ ಗುಡ್ಡಕ್ಕೆ ಒಂದು ದಿನದ ನಡಿಗೆ

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಇದೇ ಜಾಗದಲ್ಲಿ ಮೂಳೆ ಡಾಕ್ಟರೊಬ್ಬರು ನಿಂತು, ಮೊಣಕಾಲಿನ ಬಗ್ಗೆ ಮಾತಾಡಿ, ನಮ್ಮನ್ನೆಲ್ಲ ಚೆನ್ನಾಗಿ ಹೆದರಿಸಿ ಹೋದರು. ಈ ತಿಂಗಳು ಅದೇ ಮೊಣಕಾಲು ಕಟ್ಟಿಕೊಂಡು ಆಲ್ಪ್ಸ್‌ನಲ್ಲಿ ಗುಡ್ಡ ಹತ್ತಿ ಬಂದದ್ದನ್ನು ಹೇಳಿ ಅಂತ ನನ್ನನ್ನು ಕರೆದಿದ್ದೀರಿ. ಮೊದಲೇ ಹೇಳಿಬಿಡುತ್ತೇನೆ, ಹಗ್ಗ ಹಿಡಿದು ಬಂಡೆ ಏರಿದ ಕಥೆ ಏನೂ ಇಲ್ಲ. ನಾನು ಹತ್ತಿದ ಗುಡ್ಡ ಕೆಳಗಿನ ಊರಿನಿಂದ ಇನ್ನೂರು ಮೀಟರ್ ಎತ್ತರ, ಅಷ್ಟೇ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವಳಿಗೆ ಆ ಇನ್ನೂರು ಮೀಟರ್ ಸಾಕಾಯಿತು.

ಊರಿನ ಹೆಸರು ಕ್ಲೌಸೆನ್, ಗುಡ್ಡದ ಹೆಸರು ಸೇಬೆನ್. ಸೇಬಿಗೂ ಅದಕ್ಕೂ ಸಂಬಂಧ ಇಲ್ಲ, ಆ ಸೀಮೆಯ ತುಂಬ ಸೇಬಿನ ತೋಟಗಳಿವೆ ಅನ್ನುವುದು ಬೇರೆ ಮಾತು. ಇಟಲಿಯ ಉತ್ತರದ ತುದಿಯಲ್ಲಿರುವ ದಕ್ಷಿಣ ಟಿರೋಲ್ ಪ್ರಾಂತ್ಯ ಇದು. ಮೊದಲ ಮಹಾಯುದ್ಧದವರೆಗೆ ಆಸ್ಟ್ರಿಯಾದ ಕೈಯಲ್ಲಿತ್ತು, 1919ರ ಒಪ್ಪಂದದಲ್ಲಿ ಇಟಲಿಗೆ ಹೋಯಿತು. ಹಾಗಾಗಿ ಊರು ಇಟಲಿಯಲ್ಲಿ, ಜನರ ಬಾಯಲ್ಲಿ ಜರ್ಮನ್. ಬೋರ್ಡಿನಲ್ಲಿ ಎರಡೆರಡು ಹೆಸರು: ಕ್ಲೌಸೆನ್ ಅಂದರೂ ಅದೇ, ಕ್ಯೂಸಾ ಅಂದರೂ ಅದೇ, ಸೇಬೆನ್ ಅಂದರೂ ಅದೇ, ಸಬಿಯೋನಾ ಅಂದರೂ ಅದೇ. ಕ್ಲೌಸೆನ್ ಅಂದರೆ ಇಕ್ಕಟ್ಟಾದ, ಮುಚ್ಚಿಕೊಂಡ ಜಾಗ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಐಸಾಕ್ ಹೊಳೆ, ನಡುವೆ ಒಂದೇ ಬೀದಿ. ಜರ್ಮನಿಯಿಂದ ಆಲ್ಪ್ಸ್‌ನ ಬ್ರೆನ್ನರ್ ಘಾಟಿ ದಾಟಿ ಇಟಲಿಗೆ ಇಳಿಯುವವರೆಲ್ಲ ಆ ಬೀದಿಯಲ್ಲೇ ಹಾಯಬೇಕಿತ್ತು. ಅಂಥ ಜಾಗದಲ್ಲಿ ಸುಂಕದಕಟ್ಟೆ ಇಲ್ಲದಿದ್ದರೆ ಆಗುತ್ತದೆಯೇ? ಇತ್ತು. ಊರು ಬೆಳೆದದ್ದೇ ಆ ಸುಂಕದಿಂದ.

ನನ್ನ ಮಗ ಮ್ಯೂನಿಕ್‌ನಲ್ಲಿದ್ದಾನೆ. ಅಲ್ಲಿಂದ ಬ್ರೆನ್ನರ್ ಮೇಲೆ ಹೋಗುವ ರೈಲು ಹಿಡಿದರೆ ಮೂರು ಗಂಟೆಯ ಮೇಲೆ ಸ್ವಲ್ಪ ಹೊತ್ತಿಗೆ ಬ್ರಿಕ್ಸೆನ್, ಕ್ಲೌಸೆನ್‌ಗಿಂತ ಮೊದಲು ಸಿಗುವ ಪಟ್ಟಣ. ಆ ರೈಲುದಾರಿ 1867ರದ್ದು. ಹಳಿ ಬಂದ ಮೇಲೆ ಕ್ಲೌಸೆನ್‌ಗೆ ಚಿತ್ರಕಾರರು ಹಿಂಡುಹಿಂಡಾಗಿ ಬರತೊಡಗಿದರು. ಅದಕ್ಕೆ ಮುಂಚಿನವರಿಗೆ ಅಂಥ ಪುರುಸೊತ್ತು ಎಲ್ಲಿತ್ತು? 1786ರ ಸೆಪ್ಟೆಂಬರಿನಲ್ಲಿ ಕವಿ ಗಯಟೆ ಇದೇ ದಾರಿಯಲ್ಲಿ ಇಟಲಿಗೆ ಹೋದ. ಅಂಚೆಗಾಡಿಯವರು ರಾತ್ರಿಯಿಡೀ ಕುದುರೆ ಓಡಿಸಿದರು, ಬೆಳಗಾಗುವ ಹೊತ್ತಿಗೆ ಅವನು ಕ್ಲೌಸೆನ್ ದಾಟಿ ಮುಂದಿನ ಕೋಲ್ಮನ್ ತಲುಪಿದ್ದ. ಅಷ್ಟು ದೊಡ್ಡ ಕವಿಗೆ ಕತ್ತಲಲ್ಲಿ ತಪ್ಪಿಹೋದದ್ದನ್ನು ನಾನು ಬಿಸಿಲಲ್ಲಿ ನೋಡಿದೆ, ಅನ್ನುವ ಜಂಬ ಸ್ವಲ್ಪ ಇದೆ ನನಗೆ.

ನಾವು ಬ್ರಿಕ್ಸೆನ್‌ನಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಬಸ್ಸಿನಲ್ಲಿ ಫೆಲ್ಡ್‌ಥುರ್ನ್ಸ್ ಎಂಬ ಹಳ್ಳಿಗೆ ಹೋದೆವು. ಅದು ಸುಮಾರು 850 ಮೀಟರ್ ಎತ್ತರದಲ್ಲಿದೆ. ಬಸ್ಸು ಹತ್ತಿಸುತ್ತದೆ, ನಾವು ಇಳಿಯುವುದು: ಇದು ನನ್ನ ಸೊಸೆಯ ಉಪಾಯ. "ಅತ್ತೆ, ಹತ್ತುವ ಕೆಲಸ ಬಸ್ಸಿಗೆ ಬಿಡೋಣ" ಅಂದಳು. ಬ್ರಿಕ್ಸೆನ್ ಬಿಷಪ್ಪರು 16ನೇ ಶತಮಾನದ ಕೊನೆಯಲ್ಲಿ ಬೇಸಿಗೆಗೆಂದು ಕಟ್ಟಿಸಿಕೊಂಡ ಅರಮನೆ ಆ ಹಳ್ಳಿಯಲ್ಲಿದೆ. ಅಲ್ಲಿಂದ ಕಾಲುದಾರಿ. ಇಡೀ ದಾರಿಗೆ ಅಲ್ಲಿನ ಆಡುಮಾತಿನಲ್ಲಿ ಕೆಶ್ಟನ್‌ವೆಗ್ ಅನ್ನುತ್ತಾರೆ, ಚೆಸ್ಟ್‌ನಟ್ ದಾರಿ ಅಂತ. ಬ್ರಿಕ್ಸೆನ್ ಹತ್ತಿರದಿಂದ ಬೋಲ್ಸಾನೋದವರೆಗೆ ಅರವತ್ತು ಕಿಲೋಮೀಟರ್ ಆಸುಪಾಸು. ನಮ್ಮ ಪಾಲಿಗೆ ಬಂದದ್ದು ಅದರ ಒಂದು ಚೂರು, ನನ್ನ ನಡಿಗೆಯಲ್ಲಿ ಮೂರು ಗಂಟೆ.

ಅಕ್ಟೋಬರ್ ತಿಂಗಳು. ದಾರಿಯ ತುಂಬ ಚೆಸ್ಟ್‌ನಟ್ ಉದುರಿತ್ತು. ಮೇಲಿನ ಸಿಪ್ಪೆ ಮುಳ್ಳುಹಂದಿಯ ಮರಿ ಮುದುಡಿ ಮಲಗಿದ ಹಾಗೆ. ಬರಿಗೈಯಲ್ಲಿ ಮುಟ್ಟಬೇಡಿ, ನಾನು ಮುಟ್ಟಿ ಸಂಜೆಯವರೆಗೂ ಬೆರಳು ಹಿಸುಕಿಕೊಳ್ಳುತ್ತಿದ್ದೆ. ಬೂಟಿನ ಹಿಮ್ಮಡಿಯಿಂದ ಮೆಲ್ಲಗೆ ತುಳಿದರೆ ಅದು ಬಿರಿಯುತ್ತದೆ. ಒಳಗೆ ರೇಷ್ಮೆಯಂಥ ಬಿಳಿ ಪದರ, ಅದರಲ್ಲಿ ಒಂದಕ್ಕೊಂದು ಒತ್ತಿಕೊಂಡ ಮೂರು ಕಾಯಿ. ನಡುವಿನದು ಎರಡು ಕಡೆಯೂ ಚಪ್ಪಟೆ, ಪಕ್ಕದವೆರಡು ಒಂದು ಕಡೆ ಉಬ್ಬು. ಬಣ್ಣ ಎಣ್ಣೆ ಒರೆಸಿದ ಬೀಟೆಮರದ್ದು. ಆರಿಸಿಕೊಳ್ಳಲು ಬಗ್ಗಿದ ನನ್ನನ್ನು ಮಗ ತಡೆದ: "ಅಮ್ಮ, ಇದು ಯಾರದೋ ತೋಟ." ಅವನು ಹೇಳಿದ್ದು ಸರಿ. ಕಾಡು ಅಂದುಕೊಂಡದ್ದೆಲ್ಲ ಅಲ್ಲಿ ಒಬ್ಬೊಬ್ಬ ರೈತನ ಮರ. ಸಂಜೆ ಅದನ್ನೇ ಸುಟ್ಟು, ಆ ವರ್ಷದ ಹೊಸ ವೈನ್ ಜೊತೆ ಬಡಿಸುತ್ತಾರೆ. ಆ ಋತುವಿನ ಊಟಕ್ಕೆ ಟೋರ್ಗೆಲೆನ್ ಅಂತ ಹೆಸರು, ದ್ರಾಕ್ಷಿ ಹಿಂಡುವ ಗಾಣಕ್ಕೆ ಅಲ್ಲಿರುವ ಹಳೇ ಮಾತಿನಿಂದ ಬಂದದ್ದು. ನಾನು ವೈನ್ ಮುಟ್ಟಲಿಲ್ಲ, ಚೆಸ್ಟ್‌ನಟ್ ಮಾತ್ರ ಎರಡು ತಟ್ಟೆ ಆಯಿತು.

ಮರಗಳು ಮುಗಿದು ದ್ರಾಕ್ಷಿ ತೋಟ ಶುರುವಾಗುವಲ್ಲಿ ಸೇಬೆನ್ ಎದುರಿಗೇ ನಿಲ್ಲುತ್ತದೆ. ಅದನ್ನು ಗುಡ್ಡ ಅನ್ನುವುದಕ್ಕಿಂತ ಬಂಡೆ ಅನ್ನಬೇಕು. ಕಣಿವೆಯ ಕಡೆಗೆ ನೇರ ಕಡಿದು ಬಿದ್ದಿದೆ. ಅದರ ಬೆನ್ನ ಮೇಲೆ ಗೋಡೆ, ಗೋಪುರ, ಪೂಜಾಮಂದಿರಗಳು ಉದ್ದಕ್ಕೆ ಕೂತಿವೆ.

ಈಗ ಸ್ವಲ್ಪ ಮೇಷ್ಟ್ರ ಕೆಲಸ ಮಾಡುತ್ತೇನೆ, ಸಹಿಸಿಕೊಳ್ಳಿ. 1978ರಿಂದ 1982ರವರೆಗೆ ಈ ಬಂಡೆಯ ಇಳಿಜಾರಿನಲ್ಲಿ ಉತ್ಖನನ ನಡೆಯಿತು. ದ್ರಾಕ್ಷಿ ಬಳ್ಳಿಯ ಬುಡದಲ್ಲಿ ರೋಮನ್ ಸಾಮ್ರಾಜ್ಯದ ಕೊನೆಗಾಲದ ಒಂದು ಇಗರ್ಜಿಯ ಅಡಿಪಾಯ, ಅದರ ಸುತ್ತ ಸಮಾಧಿಗಳು ಸಿಕ್ಕವು. 6ನೇ ಶತಮಾನದ ಕೊನೆಗೆ ಇಲ್ಲಿ ಇಂಗೆನುಯಿನ್ ಎಂಬ ಬಿಷಪ್ಪರು ಇದ್ದರು. ಕಣಿವೆಯಲ್ಲಿ ಒಂದರ ಹಿಂದೆ ಒಂದು ದಂಡು ಹಾಯುತ್ತಿದ್ದ ಕಾಲ ಅದು. ಆಗ ಕೆಳಗೆ ಇರುವುದಕ್ಕಿಂತ ಮೇಲೆ ಇರುವುದು ಕ್ಷೇಮ. ಕಾಲ ಶಾಂತವಾದ ಮೇಲೆ ಅದೇ ಬಂಡೆ ಇಕ್ಕಟ್ಟಾಯಿತು. 901ರಲ್ಲಿ ಜರ್ಮನ್ ಸೀಮೆಯ ದೊರೆ ಲೂಯಿ ಬ್ರಿಕ್ಸೆನ್‌ನ ಜಮೀನನ್ನು ಸೇಬೆನ್‌ನ ಬಿಷಪ್ ಜಕಾರಿಯಾಸ್‌ಗೆ ದಾನವಾಗಿ ಬರೆದುಕೊಟ್ಟ. ಆ ದೊರೆಗೆ ಆಗ ಎಂಟು ವರ್ಷದ ಆಸುಪಾಸು, ಇತಿಹಾಸ ಅವನನ್ನು ಬಾಲಕ ಲೂಯಿ ಅಂತಲೇ ಕರೆಯುತ್ತದೆ. ಆ ಶತಮಾನ ಮುಗಿಯುವುದರೊಳಗೆ ಬಿಷಪ್ಪರ ಪೀಠ ಗುಡ್ಡ ಇಳಿದು ಬ್ರಿಕ್ಸೆನ್‌ನ ಬಯಲಿಗೆ ಹೋಯಿತು.

ಮೇಲೆ ಉಳಿದದ್ದು ಕೋಟೆ. ಅದೂ ಸಿಡಿಲು ಬಡಿದು ಸುಟ್ಟು ಪಾಳುಬಿತ್ತು. 17ನೇ ಶತಮಾನದಲ್ಲಿ ಮತ್ತೆ ಜೀವ ಬಂತು. ಕ್ಲೌಸೆನ್‌ನ ಪಾದ್ರಿ ಮಥಿಯಾಸ್ ಯೆನ್ನರ್ ಪಾಳು ಗೋಡೆಗಳ ಮೇಲೆ ಮಠ ಕಟ್ಟಿಸಿ, ಸಾಲ್ಜ್‌ಬರ್ಗ್‌ನಿಂದ ಬೆನೆಡಿಕ್ಟೈನ್ ಪಂಥದ ಸನ್ಯಾಸಿನಿಯರನ್ನು ಕರೆಸಿದ. ಅವರು ಬಂದದ್ದು 1686ರಲ್ಲಿ. ನೆಪೋಲಿಯನ್ ಕಾಲದ ಯುದ್ಧದಲ್ಲಿ ಫ್ರೆಂಚ್ ಸಿಪಾಯಿಗಳಿಂದ ತಪ್ಪಿಸಿಕೊಳ್ಳಲು ಓಡಿದ ಒಬ್ಬ ಸನ್ಯಾಸಿನಿ ಕಡಿದಾದ ಬಂಡೆಯಿಂದ ಬಿದ್ದು ಸತ್ತಳೆಂದು ಹೇಳುತ್ತಾರೆ. ಆ ನೆನಪಿಗೆ ಬರೆದ ದೊಡ್ಡ ಶಿಲುಬೆ ಗೋಪುರದ ಗೋಡೆಯ ಮೇಲೆ ದೂರಕ್ಕೇ ಕಾಣುತ್ತದೆ. ಅದನ್ನೆಲ್ಲ ದಾಟಿಯೂ ಅವರು ಅಲ್ಲೇ ಇದ್ದರು. 2021ರ ನವೆಂಬರಿನಲ್ಲಿ, ಉಳಿದಿದ್ದ ಕೆಲವೇ ವಯಸ್ಸಾದ ಸನ್ಯಾಸಿನಿಯರು ಗುಡ್ಡ ಬಿಟ್ಟು ಇಳಿದರು. 335 ವರ್ಷ.

ಈ 335 ನನ್ನ ತಲೆಯಲ್ಲಿ ಇನ್ನೊಂದು ಲೆಕ್ಕದ ಜೊತೆ ಅಂಟಿಕೊಂಡಿದೆ. ಪೂರ್ವಕ್ಕೆ ಬೆಟ್ಟಗಳ ಆಚೆ ಬಾದಿಯಾ ಎಂಬ ಕಣಿವೆ ಇದೆ. ಅಲ್ಲಿನ ಜನರ ಮನೆಮಾತು ಜರ್ಮನ್ನೂ ಅಲ್ಲ, ಇಟಾಲಿಯನ್ನೂ ಅಲ್ಲ, ಲಾದಿನ್. ಡೊಲೊಮೈಟ್ ಬೆಟ್ಟಗಳ ನಡುವಿನ ನಾಲ್ಕೈದು ಕಣಿವೆಗಳಲ್ಲಿ ಸೇರಿ ಅದನ್ನಾಡುವವರು ಮೂವತ್ತು ಸಾವಿರದ ಆಸುಪಾಸು. ಆ ಬಾದಿಯಾದ ಗಂಡಸರು ಮೂರು ವರ್ಷಕ್ಕೊಮ್ಮೆ ಜೂನ್‌ನಲ್ಲಿ ಶಿಲುಬೆ ಹಿಡಿದು, ಜಪಮಾಲೆ ಎಣಿಸುತ್ತ, ಹಾಡುತ್ತ ಬೆಟ್ಟ ದಾಟಿ ಸೇಬೆನ್‌ಗೆ ನಡೆದುಬರುತ್ತಾರೆ. ಹೋಗಿ ಬರಲು ಮೂರು ದಿನ. 1503ರಲ್ಲೇ ಈ ಯಾತ್ರೆಯ ದಾಖಲೆ ಇದೆ. ಲೆಕ್ಕ ಹಾಕಿ ನೋಡಿ: ಅವರು ಬರತೊಡಗಿದಾಗ ಬಿಷಪ್ಪರ ಪೀಠ ಇಳಿದು ಐನೂರು ವರ್ಷವಾಗಿತ್ತು, ಸನ್ಯಾಸಿನಿಯರು ಇನ್ನೂ ಬಂದಿರಲಿಲ್ಲ. ಈಗ ಸನ್ಯಾಸಿನಿಯರೂ ಹೋದರು, ಇವರು ಬರುವುದು ನಿಂತಿಲ್ಲ. ನಮ್ಮ ಪಾಠದ ಪುಸ್ತಕಗಳಲ್ಲಿ ಗುಡ್ಡದ ಮೇಲೆ ಯಾರು ಕೂತಿದ್ದರು ಅನ್ನುವುದೇ ಇತಿಹಾಸ. ನಾನೂ ಮೂವತ್ತು ವರ್ಷ ಹಾಗೇ ಪಾಠ ಮಾಡಿದೆ. ಸೇಬೆನ್‌ನಲ್ಲಿ ಮಾತ್ರ ಕೂತವರಿಗಿಂತ ಹತ್ತಿದವರೇ ಗಟ್ಟಿ ಅನಿಸಿತು.

ಒಂದು ತಕರಾರೂ ಇದೆ. ಆ ಯಾತ್ರೆಯಲ್ಲಿ ಹೆಂಗಸರಿಗೆ ಜಾಗವಿಲ್ಲ. ಮೂರು ಶತಮಾನ ಗುಡ್ಡದ ಮೇಲೆ ದೀಪ ಉರಿಸಿಕೊಂಡಿದ್ದವರು ಹೆಂಗಸರು, ಅಲ್ಲಿಗೆ ಹರಕೆ ಹೊತ್ತು ಹೋಗುವವರು ಗಂಡಸರು ಮಾತ್ರ! ಸಂಪ್ರದಾಯ ಅನ್ನುತ್ತಾರೆ. ಸಂಪ್ರದಾಯ ಅಂದಮೇಲೆ ಪ್ರಶ್ನೆ ಕೇಳಬಾರದು ಅಂತ ನಮ್ಮಲ್ಲೂ ಹೇಳುತ್ತಾರೆ, ನಾನು ಕೇಳುವವಳೇ.

ಮೇಲೆ ನೋಡುವುದೇನು? ಎಂಟು ಮೂಲೆಯ ಒಂದು ಇಗರ್ಜಿ ಇದೆ, ಮಾತೆ ಮರಿಯಳದು, 17ನೇ ಶತಮಾನದ ಮಧ್ಯದಲ್ಲಿ ಕಟ್ಟಿದ್ದು, ಪಕ್ಕದಲ್ಲೇ ಹಳೆಯ ಪುಟ್ಟ ಪ್ರಾರ್ಥನಾಮಂದಿರ. ಇವೆಲ್ಲ ದಿನವೂ ತೆರೆದಿರುವುದಿಲ್ಲ, ಕೆಳಗೇ ವಿಚಾರಿಸಿಕೊಂಡು ಹೋಗಿ. ನನಗೆ ಮನಸ್ಸು ನಿಂತದ್ದು ತುತ್ತತುದಿಯ ಪವಿತ್ರ ಶಿಲುಬೆಯ ಮಂದಿರದಲ್ಲಿ. ಹೊರಗಿನಿಂದ ಸಾದಾ ಸೀದಾ. ಒಳಗೆ ಕಾಲಿಟ್ಟರೆ ಕಂಬ, ಕಮಾನು, ಒಂದರ ಹಿಂದೆ ಒಂದು ಮಂಟಪ, ದೂರ ದೂರಕ್ಕೆ ಸರಿಯುವ ಅರಮನೆ. ಇಷ್ಟು ಸಣ್ಣ ಕಟ್ಟಡದಲ್ಲಿ ಇಷ್ಟು ಜಾಗ ಎಲ್ಲಿಂದ ಬಂತು ಅಂತ ಗಾಬರಿಯಾಗುತ್ತದೆ. ಹತ್ತಿರ ಹೋದೆ, ಕನ್ನಡಕ ಮೇಲಕ್ಕೆ ಸರಿಸಿ ನೋಡಿದೆ. ಕಂಬದ ಮೈಯಲ್ಲಿ ನೂಲಿನ ಹಾಸು-ಹೊಕ್ಕು ಕಾಣುತ್ತಿತ್ತು. ಎಲ್ಲ ಬಟ್ಟೆ! ಗೋಡೆಗೆ ಬಿಗಿದ ನಾರುಬಟ್ಟೆಯ ಮೇಲೆ 17ನೇ ಶತಮಾನದಲ್ಲಿ ಬರೆದ ಚಿತ್ರ. ನಮ್ಮ ಕಂಪನಿ ನಾಟಕದ ದರ್ಬಾರು ಸೀನಿನ ಪರದೆ ನೆನಪಿದೆಯಲ್ಲ, ಮುಂದಿನ ಸಾಲಿನಲ್ಲಿ ಕೂತರೆ ಗಾಳಿಗೆ ಅರಮನೆಯೇ ಅಲ್ಲಾಡುತ್ತಿತ್ತು? ಅದೇ ಕಸುಬು, ದೇವರ ಮುಂದೆ. ಆ ಬಂಡೆಯ ಗಾಳಿಗೆ ಇದು ಮಾತ್ರ ಅಲ್ಲಾಡಲಿಲ್ಲ.

ಅಲ್ಲಿ ಪೂರ್ತಿ ಮೌನ ಇರುತ್ತದೆಂದುಕೊಳ್ಳಬೇಡಿ. ಕಣಿವೆಯಲ್ಲಿ ಕಂಬಗಳ ಮೇಲೆ ಬ್ರೆನ್ನರ್ ಹೆದ್ದಾರಿ ಹೋಗುತ್ತದೆ, ಲಾರಿಗಳ ಗುಂಯ್ ಅನ್ನುವ ಸದ್ದು ಮೇಲಿನ ತನಕ ಏರುತ್ತದೆ. ನನಗೆ ಅದು ಕಿರಿಕಿರಿ ಅನಿಸಲಿಲ್ಲ. ಈ ಊರು ಯಾವಾಗ ತಾನೇ ಗಾಡಿ ಸದ್ದಿಲ್ಲದೆ ಇತ್ತು?

ಇಳಿಯುವುದಕ್ಕೆ ಎರಡು ದಾರಿ. ಯೇಸುವಿನ ಶಿಲುಬೆ ಯಾತ್ರೆಯ ಘಟ್ಟಗಳನ್ನು ನಿಲ್ಲಿಸಿರುವ ಹಳೇ ದಾರಿ ಕಡಿದು, ಕಲ್ಲು ನುಣುಪಾಗಿದೆ, ಮಳೆ ಬಂದರೆ ಜಾರುತ್ತದೆ. ಇನ್ನೊಂದು ದ್ರಾಕ್ಷಿ ತೋಟಗಳ ಪಕ್ಕದಲ್ಲಿ ಸುತ್ತಿಕೊಂಡು ಹೋಗುವ ಸಮಾಧಾನದ ದಾರಿ. ನಾನು ಎರಡನೆಯದರಲ್ಲಿ ಇಳಿದೆ. ನೇರ ಕ್ಲೌಸೆನ್‌ನಿಂದಲೇ ಹತ್ತಿ ಬರುವುದಾದರೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಕೋಲು ಒಯ್ಯಿರಿ, ನೀರು ಒಯ್ಯಿರಿ. ಡಾಕ್ಟರು ಹೇಳಿದ ಮೊಣಕಾಲು ಪಟ್ಟಿ ಹತ್ತುವಾಗಲ್ಲ, ಇಳಿಯುವಾಗ ಕಟ್ಟಿ.

ಕೊನೆಗೆ ಈ ಕಾಗದ. ಎಲ್ಲರಿಗೂ ಒಂದೊಂದು ಪ್ರತಿ ಹಂಚಿದ್ದೇನೆ. ಆಲ್ಬ್ರೆಕ್ಟ್ ಡ್ಯೂರರ್ ಎಂಬ ಜರ್ಮನ್ ಚಿತ್ರಕಾರ 1494ರ ಸುಮಾರಿಗೆ, ಇನ್ನೂ ಇಪ್ಪತ್ಮೂರರ ಹುಡುಗ, ಇಟಲಿಗೆ ಹೋಗುತ್ತ ಬರುತ್ತ ಈ ದಾರಿಯಲ್ಲಿ ಹಾದಿದ್ದ. ಕ್ಲೌಸೆನ್ ಊರನ್ನು ಬರೆದುಕೊಂಡ. ಆರೇಳು ವರ್ಷದ ಮೇಲೆ ತಾಮ್ರದ ತಗಡಿನಲ್ಲಿ ಕೊರೆದ ಈ ಚಿತ್ರದಲ್ಲಿ ಅದನ್ನು ಬಳಸಿದ. ಮೇಲೆ ಮೋಡಗಳ ನಡುವೆ ಒಂದು ಗೋಳದ ಮೇಲೆ ರೆಕ್ಕೆಯ ಹೆಂಗಸು ನಿಂತಿದ್ದಾಳೆ, ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಲಗಾಮು. ಅವಳು ನೆಮೆಸಿಸ್, ಗ್ರೀಕ್ ಪುರಾಣದ ದೇವತೆ, ಕೊಡುವವಳೂ ಅವಳೇ, ಬಿಗಿಯುವವಳೂ ಅವಳೇ. ಅವಳನ್ನು ಬಿಡಿ, ಕಾಲ ಕೆಳಗೆ ನೋಡಿ. ಬೆಂಕಿಕಡ್ಡಿಯ ತುದಿಯಷ್ಟು ಮನೆಗಳು, ಸೇತುವೆ, ಹೊಳೆ, ಬಂಡೆ. ನಾನು ರಾತ್ರಿ ಮಗನ ಮನೆಯಲ್ಲಿ ಇದನ್ನು ಹಿಡಿದು ಕೂತು, ನಾವು ನಡೆದ ಜಾಗ ಹುಡುಕಿ ಹುಡುಕಿ ಸೋತೆ. ಬಂಡೆ ಇರಬೇಕಾದ ಕಡೆ ಹೊಳೆ, ಹೊಳೆ ಇರಬೇಕಾದ ಕಡೆ ಬಂಡೆ. ಆಮೇಲೆ ಹೊಳೆಯಿತು. ತಗಡಿನಲ್ಲಿ ಕಂಡ ಹಾಗೇ ಕೊರೆದರೆ ಕಾಗದದ ಮೇಲೆ ಎಡ ಬಲ ಅದಲು ಬದಲು ಬೀಳುತ್ತದಲ್ಲ!

ಹಾಗಾಗಿ ಕಾಗದ ತಿರುಗಿಸಿ, ಬರೀ ಬಿಳಿ ಇರುವ ಹಿಂಬದಿಯನ್ನು ನಿಮ್ಮ ಕಡೆ ಮಾಡಿಕೊಂಡು ಟ್ಯೂಬ್‌ಲೈಟಿಗೆ ಹಿಡಿಯಿರಿ. ಹಿಂದಿನ ಸಾಲಿನವರಿಗೆ ಬೆಳಕು ಸಾಲದಿದ್ದರೆ ಕಿಟಕಿ ಹತ್ತಿರ ಬನ್ನಿ. ಬಂಡೆ ಸಿಕ್ಕಿತೇ? ಅದರ ಬುಡದಿಂದ ಬೆರಳಿಟ್ಟು ಮೇಲಕ್ಕೆ ಹೋಗಿ, ದಾರಿ ಅದೇ.