ಕೋಟೆ ಒಳಗೆ ಜನ ಇದ್ದೇವೆ

ಎಲ್ಲರಿಗೂ ನಮಸ್ಕಾರ.

ಮೊನ್ನೆ ಭಾನುವಾರ ನಮ್ಮ ಮನೆ ಜಗಲಿಯ ಮುಂದೆ ಒಂದು ಕಾರು ಬಂದು ನಿಂತಿತು. ಬೆಂಗಳೂರಿನವರು. ರಂಗನಾಥಸ್ವಾಮಿ ದರ್ಶನ ಮುಗಿಸಿ, ಟಿಪ್ಪು ಮಡಿದ ಜಾಗ ಹುಡುಕುತ್ತಿದ್ದರು. ದಾರಿ ತೋರಿಸಿದೆ. ಅವರ ಪುಟ್ಟ ಮಗಳು ನಮ್ಮ ಬಾಗಿಲನ್ನೇ ನೋಡುತ್ತಾ, "ಅಜ್ಜಿ, ಕೋಟೆ ಒಳಗೆ ಜನ ಇರ್ತಾರಾ?" ಅಂತ ಕೇಳಿದಳು. "ಇರ್ತೀವಿ ಮರಿ" ಅಂದೆ. ಅಷ್ಟರಲ್ಲಿ ಕಾರು ಹೊರಟಿತು. ಅವಳಿಗೆ ಹೇಳಲು ಆಗದೇ ಉಳಿದದ್ದನ್ನು ಇವತ್ತು ನಿಮ್ಮ ಹತ್ತಿರ ಹೇಳುತ್ತೇನೆ.

ನಕ್ಷೆಯಲ್ಲಿ ಇದು ಶ್ರೀರಂಗಪಟ್ಟಣ. ನಮ್ಮ ಬಾಯಲ್ಲಿ ಬರೀ ಪಟ್ಣ. ಕಾವೇರಿ ಇಲ್ಲಿ ಎರಡಾಗಿ ಹರಿದು, ಊರನ್ನು ಮಡಿಲಲ್ಲಿ ಇಟ್ಟುಕೊಂಡು, ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಮೈಸೂರು 15 ಕಿಲೋಮೀಟರ್. ಬೆಂಗಳೂರು 125ರ ಆಸುಪಾಸು. 1610ರಲ್ಲಿ ರಾಜ ಒಡೆಯರು ಇದನ್ನು ರಾಜಧಾನಿ ಮಾಡಿಕೊಂಡರು. 1799ರ ಮೇ 4ರಂದು ಕೋಟೆ ಬಿತ್ತು, ರಾಜಧಾನಿ ಮೈಸೂರಿಗೆ ಹೋಯಿತು. ಪುಸ್ತಕಗಳು ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತವೆ. ಆದರೆ ಮಾರನೆಯ ದಿನವೂ ಯಾರೋ ಇಲ್ಲಿ ಬಾಗಿಲಿಗೆ ನೀರು ಹಾಕಿರಬೇಕು, ಅಲ್ವಾ? ನನಗೆ ಅವರ ಯೋಚನೆಯೇ ಜಾಸ್ತಿ.

ನಾನು ಈ ಊರಿಗೆ ಸೊಸೆಯಾಗಿ ಬಂದವಳು. ಯಜಮಾನರಿಗೆ ಮೈಸೂರಿನಲ್ಲಿ ಕೆಲಸ. ಬೆಳಗ್ಗೆ ಡಬ್ಬಿ ಹಿಡಿದು ಸ್ಟೇಷನ್‌ಗೆ ನಡೆದೇ ಹೋಗುತ್ತಿದ್ದರು. ನಮ್ಮ ಸ್ಟೇಷನ್ ಇರುವುದೂ ಕೋಟೆಯೊಳಗೇ. ರೈಲು ಕೋಟೆಯನ್ನು ಸೀಳಿಕೊಂಡೇ ಓಡುತ್ತದೆ. ಹೊಸದರಲ್ಲಿ ಅದರ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ. ಆಮೇಲೆ ಆ ಸದ್ದೇ ಗಡಿಯಾರ ಆಯಿತು. ಸಂಜೆ ಗಾಡಿ ಬಂತೆಂದರೆ ಒಲೆ ಮೇಲೆ ಕಾಫಿಗೆ ನೀರು.

ಮಳೆಗಾಲದಲ್ಲಿ ನಮ್ಮೂರಲ್ಲಿ ಒಂದೇ ಮಾತು: "ಕಟ್ಟೆ ಇವತ್ತು ಎಷ್ಟು ಅಡಿ?" ಕಟ್ಟೆ ಅಂದರೆ ಕನ್ನಂಬಾಡಿ. 124.80 ಅಡಿ ಮುಟ್ಟಿದರೆ ಪೂರ್ತಿ ತುಂಬಿದ ಹಾಗೆ. ಗೇಟು ತೆಗೆದರೆ ನಿಮಿಷಾಂಬ ಗುಡಿಯ ಮೆಟ್ಟಿಲು ಮುಳುಗುತ್ತವೆ. ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುತ್ತಾರೆ. ನಾವು ವೆಲ್ಲೆಸ್ಲಿ ಸೇತುವೆ ನೋಡಲು ಹೋಗುತ್ತೇವೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದದ್ದು. ಕಲ್ಲಿನ ಕಂಬ, ಕಲ್ಲಿನ ತೊಲೆ. ಎಷ್ಟು ಪ್ರವಾಹ ಕಂಡಿದೆಯೋ, ಇನ್ನೂ ನಿಂತಿದೆ. ಅದನ್ನು ನೋಡಿದರೆ ನನಗೆ ಧೈರ್ಯ ಬರುತ್ತದೆ.

ಜೋಡಿ ರೈಲು ಹಳಿ ಹಾಕುವಾಗ ಟಿಪ್ಪು ಕಾಲದ ಒಂದು ಶಸ್ತ್ರಾಗಾರ ದಾರಿಗೆ ಅಡ್ಡ ಬಂತು. ಒಡೆದು ಬಿಡುತ್ತಾರೇನೋ ಅಂತ ಹೆದರಿದ್ದೆವು. ಒಡೆಯಲಿಲ್ಲ. 2017ರಲ್ಲಿ ಆ ಇಟ್ಟಿಗೆ ಗಾರೆಯ ಕಟ್ಟಡವನ್ನು ಇಡಿಯಾಗಿ ಜಾಕ್ ಕೊಟ್ಟು ಎತ್ತಿ, ಇಂಚು ಇಂಚಾಗಿ ಸರಿಸಿ, 100 ಮೀಟರಿಗೂ ಜಾಸ್ತಿ ದೂರ ಕೊಂಡೊಯ್ದು ಕೂರಿಸಿದರು. ಸಂಜೆಯಾದರೆ ನಾನೂ ಅಕ್ಕಪಕ್ಕದವರೂ ಹೋಗಿ ನಿಂತು ನೋಡುತ್ತಿದ್ದೆವು. ಬಾಣಂತಿಯನ್ನು ಮಂಚದ ಸಮೇತ ಎತ್ತಿಕೊಂಡು ಹೋಗುವ ಹಾಗಿತ್ತು. ಅಷ್ಟು ಜೋಪಾನ. ನನ್ನ ಕಣ್ಣಲ್ಲಿ ನೀರು ಬಂದಿತ್ತು.

ಅಂಥದ್ದೇ ಜೋಪಾನ ನಮ್ಮ ಮನೆಗಳಿಗೂ ಬೇಕು ಅಂತ ನಾನು ಕೇಳುವುದು. ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್ ತನಕ ಕಟ್ಟಲು ಅನುಮತಿ ಬೇಕು. 2010ರಲ್ಲಿ ಕಾನೂನಿಗೆ ಹೀಗೆ ತಿದ್ದುಪಡಿಯಾಯಿತು. ಈ ಕಾನೂನು ಬೇಡ ಅಂತ ನಾನು ಹೇಳುವುದಿಲ್ಲ. ಅದಿಲ್ಲದಿದ್ದರೆ ಕೋಟೆ ಗೋಡೆಗೆ ಒರಗಿಕೊಂಡು ನಾಲ್ಕು ಮಹಡಿ ಲಾಡ್ಜ್ ಎದ್ದಿರುತ್ತಿತ್ತು. ಆದರೆ ಒಂದು ಮಳೆಗಾಲ ನಮ್ಮ ಹಿತ್ತಲ ಗೋಡೆ ಕುಸಿದಾಗ, ಅದನ್ನು ಮತ್ತೆ ಎಬ್ಬಿಸಲು ಒಪ್ಪಿಗೆ ಸಿಗುವ ಹೊತ್ತಿಗೆ ಎಂಟು ತಿಂಗಳಾಯಿತು. ಅಷ್ಟೂ ದಿನ ಟಾರ್ಪಾಲು ಕಟ್ಟಿಕೊಂಡು ಇದ್ದೆವು. ರಿಪೇರಿ ಬೇರೆ, ಹೊಸದಾಗಿ ಕಟ್ಟುವುದು ಬೇರೆ. ರಿಪೇರಿಗೆ ಬೇಗ ಉತ್ತರ ಕೊಡಬೇಕು. ಹೆಂಚಿನ ಮನೆ ಮಳೆಗೆ ಕಾಯುವುದಿಲ್ಲ.

ಈ ಕಾಯುವಿಕೆ ಸಾಕಾಗಿ ಎಷ್ಟೋ ಜನ ಮೈಸೂರಿನ ಬಡಾವಣೆಗಳಿಗೆ ಹೋದರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಮಕ್ಕಳಿಗೆ ಕೋಣೆ ಬೇಕು, ಕಾರಿಗೆ ಜಾಗ ಬೇಕು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಬೆಂಗಳೂರಿನ ಗಾಡಿಗಳು ಊರ ಹೊರಗಿನಿಂದಲೇ ಹೋಗುತ್ತವೆ. ಹಳೇ ರಸ್ತೆಯ ಹೋಟೆಲಿನವರಿಗೆ ಕಷ್ಟವಾಯಿತು. ನಮಗೆ ರಸ್ತೆ ದಾಟುವುದು ಸಲೀಸಾಯಿತು. ಎರಡೂ ನಿಜ.

ಆದರೆ ಬೀಗ ಹಾಕಿದ ಮನೆ ಬಹಳ ದಿನ ಬಾಳುವುದಿಲ್ಲ. ಮೊದಲು ಇಲಿ, ಆಮೇಲೆ ಗೆದ್ದಲು. ಒಂದು ಹೆಂಚು ಜಾರಿದರೆ ಎರಡು ಮಳೆಗಾಲದಲ್ಲಿ ತೊಲೆಯೇ ಕೊಳೆಯುತ್ತದೆ. ದಿನಾ ಗುಡಿಸುವವರು ಇದ್ದರೆ ಜಾರಿದ ಹೆಂಚು ಅವತ್ತೇ ಕಣ್ಣಿಗೆ ಬೀಳುತ್ತದೆ. ಹಳೇ ಊರನ್ನು ಕಾಯುವುದು ಅಂದರೆ ನನಗೆ ಗೊತ್ತಿರುವುದು ಇಷ್ಟೇ.

ನಮ್ಮ ಬೀದಿಯ ಮೂರು ಮನೆಗಳ ಬೀಗದ ಕೈ ನನ್ನ ಹತ್ತಿರ ಇವೆ. ಅಡುಗೆಮನೆಯ ಮೊಳೆಗೆ ನೇತುಹಾಕಿದ್ದೇನೆ. ವಾರಕ್ಕೊಮ್ಮೆ ತೆಗೆದು, ಗುಡಿಸಿ, ಕಿಟಕಿ ತೆರೆದು ಗಾಳಿಯಾಡಿಸಿ ಬರುತ್ತೇನೆ. ರಥಸಪ್ತಮಿಗೆ ರಂಗನಾಥನ ತೇರು. ಅವತ್ತು ಅವರೆಲ್ಲಾ ಬರುತ್ತಾರೆ. ಹಿಂದಿನ ದಿನವೇ ನಾನು ಮೂರೂ ಬಾಗಿಲು ತೆಗೆದು, ಹಂಡೆಗೆ ನೀರು ತುಂಬಿಸಿ, ಬಾಗಿಲಿಗೆ ರಂಗೋಲಿ ಹಾಕಿರುತ್ತೇನೆ.