ಹಡಗಿನ ಬೆನ್ನ ಹಿಂದಿನ ನೀರು

ಕೇಳುಗರಿಗೆ ನಮಸ್ಕಾರ.

ಹಡಗು ವಿನ್ಯಾಸದ ಕೆಲಸದಲ್ಲಿರುವವರಿಗೆಲ್ಲ ಚಿರಪರಿಚಿತವಾದ ಒಂದು ಕಂಟೇನರ್ ಹಡಗಿದೆ. ಅದರ ಹೆಸರು ಕೆಸಿಎಸ್. ಉದ್ದ 230 ಮೀಟರ್, ಅಗಲ 32.2 ಮೀಟರ್, ನೀರಿನಲ್ಲಿ ಮುಳುಗುವ ಆಳ 10.8 ಮೀಟರ್, ವೇಗ 24 ನಾಟ್, ಎಂದರೆ ಗಂಟೆಗೆ ಸುಮಾರು 44 ಕಿಲೋಮೀಟರ್. ಅದರ ಒಡಲಿನ ಸುತ್ತ ನೀರು ಹೇಗೆ ಹರಿಯುತ್ತದೆಂದು ಹಲವು ದೇಶಗಳ ಸಂಶೋಧಕರು ಎರಡು ದಶಕಗಳಿಗೂ ಮೀರಿ ಲೆಕ್ಕ ಹಾಕುತ್ತ ಬಂದಿದ್ದಾರೆ. ಆದರೆ ಈ ಹಡಗು ಇದುವರೆಗೆ ಯಾವ ಬಂದರಿಗೂ ಬಂದಿಲ್ಲ, ಏಕೆಂದರೆ ಅದನ್ನು ಯಾರೂ ಕಟ್ಟಿಯೇ ಇಲ್ಲ. ಕೊರಿಯಾದ ಸಂಶೋಧನಾ ಸಂಸ್ಥೆ ಕ್ರಿಸೋ ಪರೀಕ್ಷೆಗಳಿಗೆಂದೇ ರೂಪಿಸಿದ ಆಕಾರವದು. ಲೋಕದಲ್ಲಿರುವುದು ಅದರ ಸಣ್ಣ ಮಾದರಿಗಳು ಮತ್ತು ಆ ಮಾದರಿಗಳ ಮೇಲೆ ಬಹಳ ಎಚ್ಚರದಿಂದ ಮಾಡಿದ ಅಳತೆಗಳು ಮಾತ್ರ. ಹಡಗು ಎದುರಿಸುವ ಪ್ರತಿರೋಧವನ್ನೂ ಪ್ರೊಪೆಲ್ಲರಿನ ಕೆಲಸವನ್ನೂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದೆಂದರೆ ಏನೆಂಬುದನ್ನು ಹೇಳಲು ಈ ಇಲ್ಲದ ಹಡಗನ್ನೇ ಇಂದು ಜೊತೆಗೆ ಕರೆದುಕೊಳ್ಳುತ್ತೇನೆ.

ಹಡಗನ್ನು ಎಳೆಯಲು ಎಷ್ಟು ಬಲ ಬೇಕೆಂಬ ಪ್ರಶ್ನೆಗೆ ನೆಚ್ಚಬಹುದಾದ ಉತ್ತರದ ದಾರಿ ತೋರಿಸಿದವರು ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್. 1871ರಲ್ಲಿ ಅವರು ಗ್ರೇಹೌಂಡ್ ಎಂಬ ನೌಕಾಪಡೆಯ ಹಡಗನ್ನು ಆ್ಯಕ್ಟಿವ್ ಎಂಬ ಇನ್ನೊಂದು ಹಡಗಿನಿಂದ ಎಳೆಸಿ, ಹಗ್ಗದ ಮೇಲೆ ಬೀಳುವ ಬಲವನ್ನು ಅಳೆದರು. ಮುಂದಿನ ಹಡಗು ಕದಡಿದ ನೀರು ಹಿಂದಿನದಕ್ಕೆ ತಗಲಬಾರದೆಂದು ಪಕ್ಕಕ್ಕೆ ಚಾಚಿದ ಉದ್ದನೆಯ ತೊಲೆಯೊಂದಕ್ಕೆ ಆ ಹಗ್ಗವನ್ನು ಕಟ್ಟಲಾಗಿತ್ತು. ಅದೇ ಕಾಲದಲ್ಲಿ ಅವರು ಟಾರ್ಕೀ ಊರಿನ ತಮ್ಮ ಮನೆಯ ಸಮೀಪ ಉದ್ದನೆಯ ತೊಟ್ಟಿಯೊಂದನ್ನು ಕಟ್ಟಿಸಿ, ಪ್ಯಾರಾಫಿನ್ ಮೇಣದಲ್ಲಿ ಮಾಡಿದ ಹಡಗಿನ ಮಾದರಿಗಳನ್ನು ಅದರಲ್ಲಿ ಎಳೆದು ನೋಡಿದರು. ಇಂದಿನ ಟೋಯಿಂಗ್ ಟ್ಯಾಂಕ್‌ಗಳೆಲ್ಲ ಆ ತೊಟ್ಟಿಯ ಸಂತತಿ. ಒಟ್ಟು ಪ್ರತಿರೋಧವನ್ನು ಎರಡು ಪಾಲು ಮಾಡಿ, ಒಡಲಿನ ಮೈಗೆ ನೀರು ಉಜ್ಜುವುದರಿಂದ ಬರುವ ಘರ್ಷಣೆಯನ್ನು ಒಂದು ಕಡೆಗೂ, ಮುಖ್ಯವಾಗಿ ಅಲೆ ಎಬ್ಬಿಸುವುದಕ್ಕೆ ಖರ್ಚಾಗುವ ಉಳಿದ ಪಾಲನ್ನು ಇನ್ನೊಂದು ಕಡೆಗೂ ಇಟ್ಟದ್ದು ಫ್ರೂಡ್ ಅವರ ದೊಡ್ಡ ಹೆಜ್ಜೆ.

ಹೀಗೆ ಪಾಲು ಮಾಡದೆ ಬೇರೆ ದಾರಿಯೂ ಇರಲಿಲ್ಲ. ನಮ್ಮ ಕೆಸಿಎಸ್ ಹಡಗಿನ 31.6ರಲ್ಲೊಂದು ಪಾಲಿನ ಮಾದರಿಯನ್ನು ತೆಗೆದುಕೊಳ್ಳೋಣ. ಅದರ ಉದ್ದ ಸುಮಾರು 7.3 ಮೀಟರ್. ದೊಡ್ಡ ಹಡಗು ಎಬ್ಬಿಸುವ ಅಲೆಗಳ ವಿನ್ಯಾಸವನ್ನೇ ಮಾದರಿಯೂ ಎಬ್ಬಿಸಬೇಕಾದರೆ ಅದನ್ನು ಸೆಕೆಂಡಿಗೆ ಸುಮಾರು 2.2 ಮೀಟರ್ ವೇಗದಲ್ಲಿ ಎಳೆಯಬೇಕು. ಆದರೆ ಘರ್ಷಣೆಯ ಸ್ವಭಾವವೂ ದೊಡ್ಡ ಹಡಗಿನಂತೆಯೇ ಇರಬೇಕೆಂದರೆ, ಅದೇ ನೀರಿನಲ್ಲಿ ಮಾದರಿಯನ್ನು ಸೆಕೆಂಡಿಗೆ ಸುಮಾರು 390 ಮೀಟರ್ ವೇಗದಲ್ಲಿ ಎಳೆಯಬೇಕಾಗುತ್ತದೆ. ಗಾಳಿಯಲ್ಲಿ ಶಬ್ದ ಕೂಡ ಅಷ್ಟು ವೇಗವಾಗಿ ಹೋಗುವುದಿಲ್ಲ. ಆದ್ದರಿಂದ ಟ್ಯಾಂಕ್‌ನಲ್ಲಿ ಅಲೆಯ ಲೆಕ್ಕವನ್ನು ಸರಿಯಾಗಿಟ್ಟುಕೊಂಡು, ಘರ್ಷಣೆಯ ಲೆಕ್ಕವನ್ನು ಕಾಗದದ ಮೇಲೆ ತಿದ್ದಿಕೊಳ್ಳುವುದು ರೂಢಿಯಾಯಿತು. ಆ ತಿದ್ದುಪಡಿಗೆ ಇಂದಿಗೂ ಬಳಸುವ ಸೂತ್ರವನ್ನು ಟೋಯಿಂಗ್ ಟ್ಯಾಂಕ್‌ಗಳ ಅಂತರರಾಷ್ಟ್ರೀಯ ಸಮ್ಮೇಳನ 1957ರಲ್ಲಿ ಒಪ್ಪಿಕೊಂಡಿತು. ಅದರ ಪ್ರಕಾರ ಕೆಸಿಎಸ್ ಮಾದರಿಯ ಘರ್ಷಣೆಯ ಗುಣಾಂಕ, ಎಂದರೆ ಸಣ್ಣದನ್ನೂ ದೊಡ್ಡದನ್ನೂ ಒಂದೇ ಅಳತೆಗೋಲಿನಲ್ಲಿ ಹೋಲಿಸುವ ಸಂಖ್ಯೆ, ಸುಮಾರು 0.0028, ಪೂರ್ಣ ಗಾತ್ರದ ಹಡಗಿಗೆ ಅದು 0.0014ರ ಆಸುಪಾಸಿಗೆ ಇಳಿಯುತ್ತದೆ. ಮಾದರಿಯ ಒಟ್ಟು ಪ್ರತಿರೋಧದ ಗುಣಾಂಕ ಸುಮಾರು 0.0036 ಎಂಬುದನ್ನು ನೆನಪಿಟ್ಟರೆ, ಅಳೆದ ಪ್ರತಿರೋಧದ ಐದರಲ್ಲಿ ನಾಲ್ಕು ಪಾಲು ಈ ತಿದ್ದುಪಡಿಯ ಕೈಯಲ್ಲೇ ಇದೆ ಎಂಬುದು ತಿಳಿಯುತ್ತದೆ. ಕಂಪ್ಯೂಟರಿಗೆ ಈ ಕಟ್ಟಿಲ್ಲ. ತಾತ್ವಿಕವಾಗಿ ಅದು 230 ಮೀಟರಿನ ಹಡಗನ್ನು 230 ಮೀಟರಿನ ಹಡಗಾಗಿಯೇ ಲೆಕ್ಕ ಹಾಕಬಲ್ಲದು. ತಾತ್ವಿಕವಾಗಿ ಎಂದು ಹೇಳಿದ್ದೇನೆ. ಆ ಮಾತಿಗೆ ಮತ್ತೆ ಬರುತ್ತೇನೆ.

ನೀರಿನ ಹರಿವನ್ನು ಆಳುವ ಸಮೀಕರಣಗಳು ಹೊಸವಲ್ಲ. 1822ರಲ್ಲಿ ನೇವಿಯರ್, 1845ರಲ್ಲಿ ಸ್ಟೋಕ್ಸ್ ಬರೆದಿಟ್ಟವೇ ಅವು. ಅವನ್ನು ಪೂರ್ತಿಯಾಗಿ ಬಿಡಿಸಲಾಗದ ಕಾಲದಲ್ಲಿ ನೀರಿಗೆ ಸ್ನಿಗ್ಧತೆಯೇ, ಎಂದರೆ ಪದರಕ್ಕೆ ಪದರ ಉಜ್ಜಿ ಹರಿವನ್ನು ತಡೆಯುವ ಗುಣವೇ ಇಲ್ಲವೆಂದು ಭಾವಿಸಿ ಅಲೆಗಳನ್ನಷ್ಟೇ ಲೆಕ್ಕ ಹಾಕುವ ದಾರಿಗಳಿದ್ದವು. ತೆಳ್ಳಗಿನ ಹಡಗಿನ ಅಲೆಯ ಪ್ರತಿರೋಧಕ್ಕೆ ಆಸ್ಟ್ರೇಲಿಯಾದ ಗಣಿತಜ್ಞ ಮಿಚೆಲ್ 1898ರಲ್ಲೇ ಸೂತ್ರ ಕೊಟ್ಟಿದ್ದರು. ಆ ವಿಧಾನಗಳ ಮಕ್ಕಳು ಮೊಮ್ಮಕ್ಕಳು ಇಂದಿಗೂ ಬಳಕೆಯಲ್ಲಿವೆ. ಮೂತಿಯ ಆಕಾರವನ್ನು ಬೇಗಬೇಗ ಬದಲಾಯಿಸಿ ನೋಡುವುದಕ್ಕೆ ಅವು ಸಾಕು. ಆದರೆ ಹಡಗಿನ ಹಿಂಬದಿಗೆ ಬಂದಾಗ ಅವು ಕೈಬಿಡುತ್ತವೆ, ಏಕೆಂದರೆ ಅಲ್ಲಿನ ನೀರಿನ ಕಥೆಯೇ ಸ್ನಿಗ್ಧತೆಯ ಕಥೆ.

ಈಗ ಸಾಮಾನ್ಯವಾಗಿ ಮಾಡುವುದು ಹೀಗೆ. ಒಡಲಿನ ಸುತ್ತಲಿನ ನೀರನ್ನೂ ಮೇಲಿನ ಗಾಳಿಯನ್ನೂ ಲಕ್ಷಾಂತರ, ಹಲವೊಮ್ಮೆ ಕೋಟ್ಯಂತರ ಸಣ್ಣ ಕೋಶಗಳಾಗಿ ಕತ್ತರಿಸುತ್ತಾರೆ. ಈ ಕೋಶಗಳ ಬಲೆಗೆ ಮೆಶ್ ಎಂದು ಹೆಸರು. ಪ್ರತಿ ಕೋಶಕ್ಕೂ ಒಳಗೆ ಬಂದ ನೀರು, ಹೊರಗೆ ಹೋದ ನೀರು, ಅದರ ಮೇಲಿನ ಒತ್ತಡ, ಇವುಗಳ ಲೆಕ್ಕ ತಾಳೆಯಾಗಬೇಕು. ಸುಳಿಯೊಳಗಿನ ಸುಳಿಗಳನ್ನೆಲ್ಲ ಹಿಡಿಯುವುದು ಹಡಗಿನ ಗಾತ್ರದಲ್ಲಿ ಆಗದ ಮಾತಾದ್ದರಿಂದ, ಪ್ರಕ್ಷುಬ್ಧ ಹರಿವಿನ ಸರಾಸರಿಯನ್ನು ಮಾತ್ರ ಲೆಕ್ಕ ಹಾಕಿ, ಬಿಟ್ಟುಹೋದ ಸುಳಿಗಳ ಪರಿಣಾಮವನ್ನು ಟರ್ಬ್ಯುಲೆನ್ಸ್ ಮಾಡೆಲ್ ಎಂಬ ಅಂದಾಜಿನಿಂದ ತುಂಬಿಕೊಳ್ಳುತ್ತಾರೆ. ನೀರಿನ ಮೇಲ್ಮೈಯನ್ನು ಗುರುತಿಸುವುದಕ್ಕೆ 1981ರಲ್ಲಿ ಹರ್ಟ್ ಮತ್ತು ನಿಕೋಲ್ಸ್ ಪ್ರಕಟಿಸಿದ ಉಪಾಯವೊಂದಿದೆ: ಪ್ರತಿ ಕೋಶದಲ್ಲಿ ಎಷ್ಟು ಪಾಲು ನೀರು, ಎಷ್ಟು ಪಾಲು ಗಾಳಿ ಎಂಬ ಒಂದು ಸಂಖ್ಯೆಯನ್ನು ಹೊತ್ತು ನಡೆಯುವುದು. ಪೂರ್ತಿ ನೀರಾದರೆ 1, ಪೂರ್ತಿ ಗಾಳಿಯಾದರೆ ಸೊನ್ನೆ, ನಡುವಿನ ಸಂಖ್ಯೆ ಕಂಡಲ್ಲಿ ಅಲೆಯ ಮೇಲ್ಮೈ.

ಈ ಉಪಾಯ ಸರಳ, ಆದರೆ ಅದು ಮಾಡುವ ಮೋಸವನ್ನು ಹತ್ತಿರದಿಂದ ನೋಡಬೇಕು. 24 ನಾಟ್ ವೇಗದ ಹಡಗು ತನ್ನ ಜಾಡಿನುದ್ದಕ್ಕೂ ಎಬ್ಬಿಸುವ ಅಲೆಗಳಲ್ಲಿ ಒಂದು ಶಿಖರದಿಂದ ಮುಂದಿನ ಶಿಖರಕ್ಕೆ ಸುಮಾರು 98 ಮೀಟರ್ ದೂರ. ಒಡಲಿನ ಬಳಿ ಕೋಶಗಳು ಸಣ್ಣವಿರುವುದರಿಂದ ಅಲೆ ಚೂಪಾಗಿ, ಚೆಂದವಾಗಿ ಕಾಣುತ್ತದೆ. ಹಡಗಿನಿಂದ ದೂರ ಹೋದಂತೆ ಖರ್ಚು ಉಳಿಸಲೆಂದು ಕೋಶಗಳನ್ನು ಹಿಗ್ಗಿಸಿರುತ್ತಾರೆ. ಅಲ್ಲಿ ಅಲೆ ಮೆತ್ತಗೆ ಕರಗಿ, ಎರಡೋ ಮೂರೋ ಹಡಗಿನುದ್ದದ ಆಚೆಗೆ ಸಮುದ್ರ ಕನ್ನಡಿಯಂತೆ ಮಟ್ಟಸವಾಗಿ ಬಿಡುತ್ತದೆ. ನಿಜವಾದ ಸಮುದ್ರದಲ್ಲಿ ಅಲೆ ಅಷ್ಟು ಬೇಗ ಸಾಯುವುದಿಲ್ಲ. ಅದನ್ನು ಕೊಂದದ್ದು ಮೆಶ್. ಪ್ರತಿರೋಧದ ಮಟ್ಟಿಗೆ ದೂರದ ಅಲೆ ಸತ್ತರೆ ಅಷ್ಟೇನೂ ನಷ್ಟವಿಲ್ಲ, ಮೂತಿಯ ಬಳಿಯ ಅಲೆ ಸತ್ತರೆ ಮಾತ್ರ ಉತ್ತರವೇ ತಪ್ಪುತ್ತದೆ. ಬಣ್ಣಬಣ್ಣದ ಚಿತ್ರವನ್ನು ಮುಂದಿಟ್ಟಾಗ ಈ ಎರಡರ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಒಡಲಿನ ಮೈಗಂಟಿದ ನೀರಿನದು ಇದಕ್ಕಿಂತ ನಾಜೂಕಿನ ವಿಷಯ. ಮೈಯ ಮೇಲೆ ನೀರಿನ ವೇಗ ಹಡಗಿನ ವೇಗವೇ. ಅಲ್ಲಿಂದ ಹೊರಕ್ಕೆ ಬಂದಂತೆ ಅದು ಸುತ್ತಲಿನ ನಿಂತ ನೀರಿಗೆ ಹೊಂದಿಕೊಳ್ಳುತ್ತದೆ. ಈ ನಡುವಣ ಪದರದ ಅತ್ಯಂತ ಒಳಭಾಗವನ್ನು ನೇರವಾಗಿ ಲೆಕ್ಕ ಹಾಕಬೇಕಾದರೆ, ಪೂರ್ಣ ಗಾತ್ರದ ಕೆಸಿಎಸ್‌ಗೆ ಮೈಗೆ ತಾಗಿದ ಮೊದಲ ಕೋಶದ ದಪ್ಪ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಸುಮಾರು ನಾಲ್ಕು ಪಾಲಿನಷ್ಟಿರಬೇಕು. 230 ಮೀಟರ್ ಉದ್ದದ ಹಡಗಿಗೆ ಅಷ್ಟು ತೆಳುವಾದ ಕೋಶಗಳನ್ನು ಹೊದಿಸುವುದು ಎಂಥ ಕೆಲಸ ಎಂಬುದನ್ನು ಊಹಿಸಿಕೊಳ್ಳಬಹುದು. ಅದಕ್ಕಾಗಿ ಅನೇಕರು ಆ ಒಳಪದರವನ್ನು ಲೆಕ್ಕ ಹಾಕುವ ಬದಲು, ಅಲ್ಲಿನ ವೇಗ ಹೇಗೆ ಬದಲಾಗುತ್ತದೆಂಬ ಪ್ರಯೋಗಸಿದ್ಧ ಸೂತ್ರವನ್ನು ಇಟ್ಟು ದಾಟಿಬಿಡುತ್ತಾರೆ. ಪೂರ್ಣ ಗಾತ್ರದ ಲೆಕ್ಕ ತಾತ್ವಿಕವಾಗಿ ಸಾಧ್ಯವೆಂದು ಆಗ ಹೇಳಿದ್ದು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಇನ್ನು ಪ್ರೊಪೆಲ್ಲರ್. ಅದನ್ನು ಒಂಟಿಯಾಗಿ ಪರೀಕ್ಷಿಸುವುದು ಸುಲಭ. ಶಾಂತ ನೀರಿನಲ್ಲಿ ಮುಂದಕ್ಕೆ ಒಯ್ಯುತ್ತ ತಿರುಗಿಸಿ, ಅದು ಕೊಡುವ ನೂಕುಬಲವನ್ನೂ ಬೇಡುವ ಟಾರ್ಕ್ ಎಂಬ ತಿರುಚುಬಲವನ್ನೂ ಅಳೆದರೆ, ಒಂದು ಸುತ್ತಿಗೆ ಎಷ್ಟು ಮುಂದೆ ಸಾಗಿದಾಗ ದಕ್ಷತೆ ಎಷ್ಟು ಎಂಬ ವಕ್ರರೇಖೆ ಸಿಗುತ್ತದೆ. ಈ ರೇಖೆಯನ್ನು ಕಂಪ್ಯೂಟರ್ ಸಾಕಷ್ಟು ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಪ್ರೊಪೆಲ್ಲರಿಗೆ ಶಾಂತ ನೀರು ಸಿಗುವುದು ಪರೀಕ್ಷೆಯಲ್ಲಿ ಮಾತ್ರ. ಹಡಗಿನ ಹಿಂದೆ ಅದರ ಪಾಲಿಗೆ ಬರುವುದು ಒಡಲು ಉಜ್ಜಿ, ಎಳೆದು, ದಣಿಸಿ ಬಿಟ್ಟ ನೀರು. ಕೆಸಿಎಸ್ ಮಾದರಿಯಲ್ಲಿ ಪ್ರೊಪೆಲ್ಲರಿಗೆ ಬರುವ ನೀರಿನ ವೇಗ ಸರಾಸರಿಯಲ್ಲಿ ಹಡಗಿನ ವೇಗದ ಸುಮಾರು 79 ಶೇಕಡಾ ಮಾತ್ರ. ಅದೂ ಎಲ್ಲೆಡೆ ಸಮನಾಗಿಲ್ಲ. ಅಲಗು ಮೇಲಕ್ಕೆ ಬಂದಾಗ ಒಡಲಿನ ನೆರಳಿನಲ್ಲಿರುವ ನಿಧಾನದ ನೀರನ್ನೂ, ಕೆಳಕ್ಕೆ ಹೋದಾಗ ವೇಗದ ನೀರನ್ನೂ ಕಡಿಯುತ್ತದೆ. ಹೀಗೆ ಪ್ರತಿ ಸುತ್ತಿನಲ್ಲೂ ಪ್ರತಿ ಅಲಗಿನ ಮೇಲಿನ ಭಾರ ಏರಿಳಿಯುತ್ತದೆ, ಆ ಏರಿಳಿತ ಪ್ರೊಪೆಲ್ಲರನ್ನು ತಿರುಗಿಸುವ ದಂಡದ ಮೂಲಕ ಹಡಗಿನೊಳಕ್ಕೆ ಕಂಪನವಾಗಿ ಹರಿಯುತ್ತದೆ.

ಪ್ರೊಪೆಲ್ಲರ್ ಕೂಡ ಸುಮ್ಮನಿರುವುದಿಲ್ಲ. ತನ್ನ ಮುಂದಿನ ನೀರನ್ನು ಅದು ಸೆಳೆಯುವುದರಿಂದ ಹಿಂಬದಿಯ ಒಡಲಿನ ಮೇಲಿನ ಒತ್ತಡ ಕುಸಿದು, ಹಡಗನ್ನು ಹಿಂದಕ್ಕೆ ಜಗ್ಗಿದಂತಾಗುತ್ತದೆ. ಕೊಟ್ಟ ನೂಕುಬಲದ ಸುಮಾರು 15 ಶೇಕಡಾ ಈ ಜಗ್ಗಾಟಕ್ಕೇ ಹೋಗುತ್ತದೆ. ಒಡಲು ಪ್ರೊಪೆಲ್ಲರಿನ ನೀರನ್ನು ಕೆಡಿಸುತ್ತದೆ, ಪ್ರೊಪೆಲ್ಲರ್ ಒಡಲಿನ ಪ್ರತಿರೋಧವನ್ನು ಹೆಚ್ಚಿಸುತ್ತದೆ. ಎರಡನ್ನೂ ಬೇರೆಬೇರೆಯಾಗಿ ಅಳೆದು ಕೂಡಿಸಿದರೆ ಲೆಕ್ಕ ತಾಳೆಯಾಗದು. ಸಿಮ್ಯುಲೇಷನ್ನಿನ, ಎಂದರೆ ಈ ಕಂಪ್ಯೂಟರ್ ಲೆಕ್ಕದ, ನಿಜವಾದ ಲಾಭ ಇಲ್ಲಿದೆ ಎಂದು ನಾನು ತಿಳಿಯುತ್ತೇನೆ. ಒಟ್ಟು ಪ್ರತಿರೋಧ ಎಷ್ಟೆಂಬುದನ್ನು ಒಳ್ಳೆಯ ಟ್ಯಾಂಕ್ ಇಂದಿಗೂ ನಿಖರವಾಗಿ ಹೇಳುತ್ತದೆ. ಆ ಬಲ ಹಿಂಬದಿಯ ಯಾವ ತಿರುವಿನಲ್ಲಿ, ಯಾವ ಸುಳಿಯಿಂದ ಹುಟ್ಟಿತೆಂಬುದನ್ನು ಹಗ್ಗಕ್ಕೆ ಕಟ್ಟಿದ ಮಾಪಕ ಹೇಳಲಾರದು.

ಇದನ್ನು ಲೆಕ್ಕ ಹಾಕುವ ದಾರಿಗಳಲ್ಲಿ ಅಗ್ಗದ್ದೆಂದರೆ ಪ್ರೊಪೆಲ್ಲರಿನ ಆಕಾರವನ್ನೇ ಬಿಟ್ಟು, ಅದಿರಬೇಕಾದ ತಟ್ಟೆಯಷ್ಟು ಜಾಗದಲ್ಲಿ ನೀರನ್ನು ಹಿಂದಕ್ಕೆ ನೂಕುವ, ತಿರುಚುವ ಬಲವನ್ನು ಹರಡಿ ಇಡುವುದು. ದುಬಾರಿಯಾದದ್ದೆಂದರೆ ಐದೂ ಅಲಗುಗಳಿಗೆ ಕೋಶಗಳ ಹೊದಿಕೆ ಹಾಕಿ, ಆ ಮೆಶ್ಶನ್ನೇ ಒಡಲಿನ ಮೆಶ್ಶಿನೊಳಗೆ ತಿರುಗಿಸುವುದು. ಮಾದರಿಯ ಪ್ರೊಪೆಲ್ಲರ್ ಸೆಕೆಂಡಿಗೆ ಒಂಬತ್ತೂವರೆ ಸುತ್ತು ತಿರುಗುತ್ತದೆ. ಒಂದೊಂದು ಡಿಗ್ರಿಗೂ ಒಂದು ಹೆಜ್ಜೆ ಎಂದರೂ, ಒಂದೇ ಒಂದು ಸೆಕೆಂಡಿನ ಓಟಕ್ಕೆ 3,420 ಹೆಜ್ಜೆ. ಪ್ರತಿ ಹೆಜ್ಜೆಯಲ್ಲೂ ಎಲ್ಲ ಕೋಶಗಳ ಲೆಕ್ಕ ಮತ್ತೆ ಮೊದಲಿನಿಂದ ತಾಳೆಯಾಗಬೇಕು. ಹೀಗಿರುವಾಗ ಒಂದು ಸಣ್ಣ ಅಜಾಗ್ರತೆಗೆ ದಿನಗಟ್ಟಲೆ ದಂಡ ತೆರಬೇಕಾಗುತ್ತದೆ. ಬಲಕ್ಕೆ ತಿರುಗಬೇಕಾದ ಪ್ರೊಪೆಲ್ಲರನ್ನು ಎಡಕ್ಕೆ ತಿರುಗಿಸಿ, ಎರಡು ದಿನ ಕಾದು, ಹಡಗು ಹಿಂದಕ್ಕೆ ಹೋಗಲು ಹೆಣಗುತ್ತಿರುವುದನ್ನು ಪರದೆಯ ಮೇಲೆ ಕಂಡವರಲ್ಲಿ ನಾನೂ ಒಬ್ಬ. ಸಮೀಕರಣಗಳು ಮಾತ್ರ ಚಾಚೂ ತಪ್ಪದೆ ತಾಳೆಯಾಗಿದ್ದವು.

ಪ್ರೊಪೆಲ್ಲರಿನ ಇನ್ನೊಂದು ತೊಂದರೆ ಕ್ಯಾವಿಟೇಷನ್. ಅಲಗಿನ ಬೆನ್ನ ಮೇಲೆ ಒತ್ತಡ ತೀರ ಕುಸಿದಾಗ ನೀರು ಕಾಯದೆಯೇ ಆವಿಯಾಗಿ ಗುಳ್ಳೆಗಟ್ಟುತ್ತದೆ, ಒತ್ತಡ ಮರಳಿದೊಡನೆ ಆ ಗುಳ್ಳೆಗಳು ಒಳಕ್ಕೆ ಕುಸಿದು ಲೋಹವನ್ನೇ ತಿನ್ನುತ್ತವೆ. ಉಗಿ ಟರ್ಬೈನಿನ ಎಂಜಿನಿಯರ್ ಚಾರ್ಲ್ಸ್ ಪಾರ್ಸನ್ಸ್ ಅವರ ಟರ್ಬೀನಿಯಾ ದೋಣಿ ಮೊದಲ ಪರೀಕ್ಷೆಗಳಲ್ಲಿ ನಿರೀಕ್ಷಿಸಿದ ವೇಗ ಮುಟ್ಟದೆ ಹೋದದ್ದು ಇದರಿಂದಲೇ. ಅವರು 1895ರಲ್ಲಿ ನೀರಿನ ಸುರಂಗವೊಂದನ್ನು ಮಾಡಿ ಗುಳ್ಳೆಗಳನ್ನು ಕಣ್ಣಾರೆ ನೋಡಿದರು, ಆಮೇಲೆ ಮೂರು ದಂಡಗಳಿಗೆ ಮೂರು ಮೂರರಂತೆ ಒಂಬತ್ತು ಪ್ರೊಪೆಲ್ಲರ್ ಹಾಕಿದರು. 1897ರ ಹೊತ್ತಿಗೆ ದೋಣಿ 34 ನಾಟ್ ಮುಟ್ಟಿತು. ಇಂದಿನ ಲೆಕ್ಕ ಅಲಗಿನ ಮೇಲೆ ಹಾಳೆಯಂತೆ ಹರಡುವ ಗುಳ್ಳೆಯನ್ನು ಚೆನ್ನಾಗಿ ತೋರಿಸುತ್ತದೆ. ಅಲಗಿನ ತುದಿಯಿಂದ ದಾರದಂತೆ ಹಿಂದಕ್ಕೆ ಎಳೆದುಕೊಂಡು ಹೋಗುವ ಸುಳಿಯ ಗುಳ್ಳೆಯಾದರೋ ಬಹಳ ಸಣ್ಣ ಕೋಶಗಳ ಮೆಶ್ ಇಲ್ಲದಿದ್ದರೆ ಅರ್ಧ ದಾರಿಯಲ್ಲೇ ಕಾಣೆಯಾಗುತ್ತದೆ.

ಹಾಗಾದರೆ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬೇಕು? ಒಂದೇ ಲೆಕ್ಕವನ್ನು ದೊಡ್ಡ, ನಡು, ಸಣ್ಣ ಕೋಶಗಳ ಮೂರು ಮೆಶ್‌ಗಳಲ್ಲಿ ಮಾಡಿ, ಉತ್ತರ ಎತ್ತ ಸಾಗುತ್ತಿದೆ ಎಂದು ನೋಡುವುದು ಮೊದಲ ಪರೀಕ್ಷೆ. ಈ ವಿಚಾರದ ಬೀಜ ಇಂಗ್ಲೆಂಡಿನ ಗಣಿತಜ್ಞ ಲೂಯಿಸ್ ಫ್ರೈ ರಿಚರ್ಡ್‌ಸನ್ ಅವರದು, ಕಂಪ್ಯೂಟರುಗಳಿಗಿಂತ ಹಳೆಯದು. ಮೂರು ಉತ್ತರಗಳು ಒಂದು ಕಡೆಗೆ ಕೂಡದಿದ್ದರೆ ನಾಲ್ಕನೆಯ ದಶಮಾಂಶದವರೆಗೆ ಅಂಕಿ ಬರೆದು ಏನೂ ಪ್ರಯೋಜನವಿಲ್ಲ. ಎರಡನೆಯ ಪರೀಕ್ಷೆ, ಅಳತೆಯೊಂದಿಗೆ ಹೋಲಿಸುವುದು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 1980ರಿಂದ, ಮುಂದೆ ಟೋಕಿಯೋದಲ್ಲೂ ನಡೆದ ಕಾರ್ಯಾಗಾರಗಳ ಕೆಲಸ ಇದೇ: ಎಲ್ಲರಿಗೂ ಒಂದೇ ಹಡಗು, ಒಂದೇ ವೇಗ, ಲೆಕ್ಕ ಅವರವರದು. ಕೆಸಿಎಸ್ ಪ್ರಸಿದ್ಧವಾದದ್ದೂ ಅಲ್ಲಿಯೇ. ಮಾದರಿಯ ಪ್ರತಿರೋಧದಲ್ಲಿ ಒಳ್ಳೆಯ ತಂಡಗಳ ಉತ್ತರ ಈಗ ಅಳತೆಯಿಂದ ಕೆಲವೇ ಶೇಕಡಾದಷ್ಟು ದೂರದಲ್ಲಿರುತ್ತದೆ.

ಪೂರ್ಣ ಗಾತ್ರದಲ್ಲಿ ಹೋಲಿಸಲು ಅಳತೆಗಳೇ ಕಡಿಮೆ. ಮಾದರಿಯ ಮೈಗಂಟಿದ ಪದರ ಹಿಂಬದಿಗೆ ಬರುವಷ್ಟರಲ್ಲಿ, ಚಪ್ಪಟೆ ಹಲಗೆಯ ಲೆಕ್ಕದಂತೆ, ಸುಮಾರು 10 ಸೆಂಟಿಮೀಟರ್ ದಪ್ಪವಾಗಿರುತ್ತದೆ. ಅದನ್ನು ಹಡಗಿನ ಗಾತ್ರಕ್ಕೆ ಹಿಗ್ಗಿಸಿದರೆ ಮೂರು ಮೀಟರಿಗೂ ಮೇಲಾಗುತ್ತದೆ. ನಿಜವಾಗಿ ಅಲ್ಲಿರುವುದು ಒಂದು ಮೀಟರಿಗೆ ತುಸು ಹೆಚ್ಚು. ಎಂದರೆ ಹಡಗಿನ ಪ್ರೊಪೆಲ್ಲರಿಗೆ ಮಾದರಿಯದಕ್ಕಿಂತ ವೇಗದ ನೀರು ಸಿಗುತ್ತದೆ. ಇದನ್ನು ಸಮುದ್ರದಲ್ಲಿ ಒರೆಗೆ ಹಚ್ಚಲು ಹಡಗುಗಳನ್ನು ತಪಾಸಿಸಿ ದರ್ಜೆ ಕೊಡುವ ಲಾಯ್ಡ್ಸ್ ರಿಜಿಸ್ಟರ್ ಸಂಸ್ಥೆ 2016ರಲ್ಲಿ ಕಾರ್ಯಾಗಾರವೊಂದನ್ನು ನಡೆಸಿತು. 138 ಮೀಟರ್ ಉದ್ದದ ರೀಗಲ್ ಎಂಬ ಸರಕು ಹಡಗನ್ನು ನೀರು ಬಸಿದ ದುರಸ್ತಿ ಕಟ್ಟೆಯಾದ ಡ್ರೈ ಡಾಕ್‌ನಲ್ಲಿ ಲೇಸರಿನಿಂದ ಅಳೆದು, ಆ ಆಕಾರವನ್ನು ಎಲ್ಲರಿಗೂ ಕೊಟ್ಟು, ಸಮುದ್ರದಲ್ಲಿ ಬಂದ ಅಳತೆಗಳನ್ನು ಮಾತ್ರ ಗುಟ್ಟಾಗಿಟ್ಟರು. ಬಂದ ಉತ್ತರಗಳಲ್ಲಿ ಕೆಲವು ಅಳತೆಯ ಪಕ್ಕದಲ್ಲೇ ಇದ್ದವು, ಕೆಲವು ದೂರ ಚದುರಿದ್ದವು. ಒಡಲಿನ ಬಣ್ಣದ ತರಿತರಿಯನ್ನು ಎಷ್ಟೆಂದು ಹಿಡಿಯಬೇಕು, ನೀರಿನ ಮೇಲಿನ ಕಟ್ಟಡಕ್ಕೆ ತಗಲುವ ಗಾಳಿಯನ್ನು ಲೆಕ್ಕಕ್ಕೆ ಹೇಗೆ ತರಬೇಕು ಎಂಬಂಥ ಪ್ರಶ್ನೆಗಳನ್ನು ಮಾದರಿಯ ಲೆಕ್ಕದಲ್ಲಿ ಬದಿಗಿಡಬಹುದಾಗಿತ್ತು. ಇಲ್ಲಿ ಪ್ರತಿಯೊಬ್ಬರೂ ಅವಕ್ಕೆ ತಮ್ಮದೇ ಉತ್ತರ ಕೊಟ್ಟುಕೊಳ್ಳಬೇಕಾಯಿತು. ಬಣ್ಣದ ಕಣಗಳಿಗೂ ಬೆಸುಗೆಯ ಗೆರೆಗಳಿಗೂ ಒಂದೊಂದಾಗಿ ಕೋಶ ಕಟ್ಟಲು ಬರುವುದಿಲ್ಲ. ಅವೆಲ್ಲ ಸೇರಿ, ಮೈಗಂಟಿದ ಪದರದ ಸೂತ್ರದೊಳಗೆ ತರಿಯ ಎತ್ತರವೆಂಬ ಒಂದೇ ಒಂದು ಸಂಖ್ಯೆಯಾಗಿ ಕೂರುತ್ತವೆ, ಆ ಸಂಖ್ಯೆಯನ್ನು ಆರಿಸಿ ಕೊಡುವವರು ಇಂದಿಗೂ ಮನುಷ್ಯರೇ.

ನಮಸ್ಕಾರ.